ಒಂದೇ ಬಿತ್ತನೆ, ಎರಡು ಗದ್ದೆ: ವಿ.ಸಿ. ನಾಲೆ ಬಯಲಿನ ಜಮೀನೊಂದರ ಪ್ರಕರಣ ಅಧ್ಯಯನ

ಮಂಡ್ಯ ತಾಲ್ಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಯ ಸೀಳುಗಾಲುವೆಯೊಂದರ ಕೆಳಗೆ ಬರುವ ಎರಡೂವರೆ ಎಕರೆ ಜಮೀನು ಈ ಅಧ್ಯಯನದ ವಸ್ತು. ಜಮೀನು ಒಂದೇ ಮನೆತನದ್ದು, ಬೇಸಾಯ ಮಾಡುವ ಕೈಗಳೂ ಅವೇ. ಆದರೆ ಕಾಲುವೆ ಏರಿಗೆ ಹೊಂದಿಕೊಂಡ ಒಂದು ಎಕರೆ ಕೆಂಪು ಮರಳುಮಿಶ್ರಿತ ಗೋಡುಮಣ್ಣಾದರೆ, ಇಳಿಜಾರು ಮುಗಿದು ಹಳ್ಳದ ಅಂಚಿಗೆ ತಾಗುವ ಒಂದೂವರೆ ಎಕರೆ ಕಪ್ಪು ಛಾಯೆಯ ಜೇಡಿಮಣ್ಣು. ಮನೆಯವರು ಇವೆರಡನ್ನು ಮೇಲ್ಗದ್ದೆ, ತಗ್ಗಿನ ಗದ್ದೆ ಎಂದು ಕರೆಯುತ್ತಾರೆ. ಎರಡರಲ್ಲೂ ಒಂದೇ ವಾರದಲ್ಲಿ, ಒಂದೇ ಕಡೆಯಿಂದ ತಂದ ಕೋ 86032 ತಳಿಯ ಬಿತ್ತನೆ ತುಂಡುಗಳನ್ನು ನಾಟಿ ಮಾಡಲಾಗಿತ್ತು. 2024ರ ಆರಂಭದಲ್ಲಿ ಕಟಾವಾದಾಗ ಮೇಲ್ಗದ್ದೆಯ ತನಿ ಕಬ್ಬು (ಹೊಸದಾಗಿ ನೆಟ್ಟ ಬೆಳೆ) 45 ಟನ್ನಿನ ಹತ್ತಿರ ತೂಗಿತು; ತಗ್ಗಿನ ಗದ್ದೆ ಎಕರೆವಾರು 25 ಟನ್ನನ್ನೂ ಮುಟ್ಟಲಿಲ್ಲ. ಅಲ್ಲಿ ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಬೆಳೆ) ಬಿಡುವುದೋ, ಬೇರು ಕಿತ್ತು ಉತ್ತು ಹಾಕುವುದೋ ಎಂದು ತಂದೆ ಮಗ ಚರ್ಚಿಸುತ್ತಿದ್ದಾಗಲೇ ಮಣ್ಣು ಪರೀಕ್ಷೆಯ ಮಾತು ಮೊದಲ ಬಾರಿಗೆ ಬಂದದ್ದು.

ಅದಕ್ಕೂ ಮುಂಚೆ ಮನೆಯಲ್ಲಿ ಮೂರು ಬಗೆಯ ವಿವರಣೆಗಳಿದ್ದವು. ತಳಿ ಹಳೆಯದಾಗಿದೆ ಎಂಬುದು ಒಂದು. ಅದೇ ತಳಿ ಮೇಲ್ಗದ್ದೆಯಲ್ಲಿ ಚೆನ್ನಾಗಿ ಬಂದಿದ್ದರಿಂದ ಈ ಮಾತು ನಿಲ್ಲಲಿಲ್ಲ. ನೀರು ಸಾಲಲಿಲ್ಲ ಎಂಬುದು ಎರಡನೆಯದು. 2023ರ ಮುಂಗಾರು ಕೈಕೊಟ್ಟು ಕನ್ನಂಬಾಡಿ ಕಟ್ಟೆ (ಕೃಷ್ಣರಾಜಸಾಗರ) ತುಂಬದೆ ನಾಲೆಗೆ ನೀರು ಸರಿಯಾಗಿ ಹರಿಯದಿದ್ದುದು ನಿಜವಾದರೂ, ತಗ್ಗಿನ ಗದ್ದೆ ಕೊಳವೆಬಾವಿಗೆ ಹತ್ತಿರವಿದ್ದುದರಿಂದ ಮೇಲಿನದಕ್ಕಿಂತ ಅದಕ್ಕೇ ಹೆಚ್ಚು ನೀರು ಸಿಕ್ಕಿತ್ತು. ಗೊಬ್ಬರ ಕಲಬೆರಕೆ ಎಂಬುದು ಮೂರನೆಯದು. ಎರಡೂ ಕಡೆಗೆ ಹೋದದ್ದು ಒಂದೇ ಲೋಡಿನ ಚೀಲಗಳು. ಮೂರೂ ವಿವರಣೆಗಳು ಹೊರಗಿನಿಂದ ಬರುವ ವಸ್ತುಗಳ ಬಗ್ಗೆಯೇ ಇದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ನೆಲವನ್ನು ಯಾರೂ ಅನುಮಾನಿಸಿರಲಿಲ್ಲ, ಏಕೆಂದರೆ ಮೂವತ್ತು ನಲವತ್ತು ವರ್ಷಗಳ ಹಿಂದೆ ಊರಿನವರು ಹೊಗಳುತ್ತಿದ್ದುದು ಆ ತಗ್ಗಿನ ಗದ್ದೆಯನ್ನೇ.

ಇಳುವರಿ ಇಳಿಯತೊಡಗಿದ ವರ್ಷಗಳಲ್ಲಿ ಕುಟುಂಬ ಮಾಡಿದ್ದು ಸುತ್ತಲಿನ ಹೆಚ್ಚಿನ ರೈತರು ಮಾಡುವ ಕೆಲಸವನ್ನೇ, ಅಂದರೆ ಯೂರಿಯಾ ಹೆಚ್ಚಿಸುವುದನ್ನು. ಈ ಭಾಗದ ನೀರಾವರಿ ಕಬ್ಬಿಗೆ ಹೆಕ್ಟೇರಿಗೆ 250 ಕೆ.ಜಿ. ಸಾರಜನಕ, 100 ಕೆ.ಜಿ. ರಂಜಕ, 125 ಕೆ.ಜಿ. ಪೊಟ್ಯಾಷ್ ಎಂಬುದು ಶಿಫಾರಸು. ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ ಇರುವುದರಿಂದ, ಸಾರಜನಕವನ್ನೆಲ್ಲ ಯೂರಿಯಾದಿಂದಲೇ ಕೊಟ್ಟರೂ ಎಕರೆಗೆ 45 ಕೆ.ಜಿ.ಯ ಐದು ಚೀಲ ಸಾಕಾಗುತ್ತದೆ. ತಗ್ಗಿನ ಗದ್ದೆಗೆ ಎಕರೆಗೆ ಒಂಬತ್ತು ಚೀಲ ಬೀಳುತ್ತಿತ್ತು. 45 ಕೆ.ಜಿ. ಯೂರಿಯಾ ಚೀಲಕ್ಕೆ ₹266.50 ಇರುವಾಗ, 50 ಕೆ.ಜಿ. ಡಿಎಪಿ (ರಂಜಕದ ಗೊಬ್ಬರ) ಚೀಲಕ್ಕೆ ₹1,350 ಇರುವಾಗ, ಬೆಳೆ ಹಳದಿ ತಿರುಗಿದೊಡನೆ ರೈತನ ಕೈ ಯಾವ ಚೀಲದ ಕಡೆಗೆ ಹೋಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ದೋಷವನ್ನು ರೈತನ ಅಜ್ಞಾನಕ್ಕೆ ಕಟ್ಟಿ ಮಾತು ಮುಗಿಸುವ ರೂಢಿಯಿದೆ. ಆದರೆ ಈ ಬೆಲೆಯ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಉಪದೇಶವೂ ಗದ್ದೆಯ ಬದುವಿನವರೆಗೆ ತಲುಪುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನೆಲದ ದೋಷದ ಮೊದಲ ಸುಳಿವು ಸಿಕ್ಕಿದ್ದು ಪ್ರಯೋಗಾಲಯದಲ್ಲಿ ಅಲ್ಲ, ಆಲೆಮನೆಯಲ್ಲಿ. ಕಾರ್ಖಾನೆಯ ಕಟಾವು ಸರದಿ ತಡವಾದ ವರ್ಷ ತಗ್ಗಿನ ಗದ್ದೆಯ ಕಬ್ಬಿನಲ್ಲಿ ಸ್ವಲ್ಪ ಭಾಗವನ್ನು ಬೆಲ್ಲಕ್ಕೆ ಹಾಕಲಾಗಿತ್ತು. ಕೊಪ್ಪರಿಗೆಯ ಮುಂದೆ ನಿಂತವರು ಸೌಟಿನಿಂದ ಪಾಕವನ್ನು ನೀರಿಗೆ ಬಿಟ್ಟು ಹದ ನೋಡಿ, ಬೆರಳಿಗೆ ಹತ್ತಿದ್ದನ್ನು ನಾಲಿಗೆಗಿಟ್ಟು, "ಉಪ್ಪುಪ್ಪು ಹೊಡೀತದೆ ಕಣಣ್ಣ, ಇದು ಅಚ್ಚಿಗೆ ನಿಲ್ಲಾಕಿಲ್ಲ" ಎಂದರು. ಅವರು ಹೇಳಿದಂತೆಯೇ ಬೆಲ್ಲ ಕಪ್ಪಾಗಿ, ಮೆತ್ತಗಾಗಿ, ನಾಲ್ಕು ದಿನಕ್ಕೆ ಬೆವರತೊಡಗಿತು. ಚೌಳು (ಉಪ್ಪು ಅಥವಾ ಕ್ಷಾರ ಸೇರಿದ) ನೆಲದ ಕಬ್ಬಿನ ರಸದಲ್ಲಿ ಲವಣಾಂಶ ಹೆಚ್ಚಿರುತ್ತದೆ. ಮಿತಿಮೀರಿ ಸಾರಜನಕ ಉಂಡ ಕಬ್ಬಿನ ಬೆಲ್ಲಕ್ಕೆ ಬಣ್ಣವೂ ಬರುವುದಿಲ್ಲ, ಗಟ್ಟಿತನವೂ ಬರುವುದಿಲ್ಲ. ಎರಡು ದೋಷಗಳನ್ನೂ ಒಂದೇ ಕೊಪ್ಪರಿಗೆಯಲ್ಲಿ ಗುರುತಿಸಿದ ಆ ಮಾತು ಸರಿಯಾದ ರೋಗನಿರ್ಣಯವೇ ಆಗಿತ್ತು, ಆದರೆ ಮನೆಯಲ್ಲಿ ಅದನ್ನು ಬೆಲ್ಲದ ದರಕ್ಕೆ ಸಂಬಂಧಿಸಿದ ಮಾತೆಂದಷ್ಟೇ ತೆಗೆದುಕೊಂಡರು.

ಮಣ್ಣಿನ ತಪಾಸಣೆ

ಕಬ್ಬು ಕಡಿದ ಮೇಲೆ ಎರಡೂ ಗದ್ದೆಗಳಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೆಗೆದು ನೋಡಲಾಯಿತು. ಮೇಲ್ಗದ್ದೆಯಲ್ಲಿ ಗುದ್ದಲಿ ಸಲೀಸಾಗಿ ಇಳಿಯಿತು. ಹೆಂಟೆ ಕೈಯಲ್ಲಿ ಅದುಮಿದರೆ ಕಾಳುಕಾಳಾಗಿ ಉದುರಿತು. ಎರೆಹುಳುವಿನ ಬಿಲಗಳು ಅಲ್ಲಲ್ಲಿ ಕಂಡವು, ಹೆಚ್ಚೇನೂ ಇರಲಿಲ್ಲ. ತಗ್ಗಿನ ಗದ್ದೆಯಲ್ಲಿ ಏಳೆಂಟು ಅಂಗುಲ ಇಳಿಯುವಷ್ಟರಲ್ಲಿ ಗುದ್ದಲಿ ಠಣ್ಣೆಂದು ಹಿಂದಕ್ಕೆ ಪುಟಿಯಿತು. ವರ್ಷಗಟ್ಟಲೆ ಅದೇ ಆಳಕ್ಕೆ ಕೆಸರುಗದ್ದೆ ಉಳುಮೆ ಮಾಡಿದ್ದರಿಂದ, ಆಮೇಲೆ ಹಸಿ ಇರುವಾಗಲೇ ಟ್ರ್ಯಾಕ್ಟರ್ ಓಡಿಸಿದ್ದರಿಂದ, ಅಡಿಯಲ್ಲಿ ಒಂದು ಗಟ್ಟಿಪದರ ಕಟ್ಟಿಕೊಂಡಿತ್ತು. ಕಬ್ಬಿನ ಬೇರುಗಳು ಆ ಪದರದವರೆಗೆ ನೇರವಾಗಿ ಇಳಿದು ಅಲ್ಲಿಂದ ಅಡ್ಡಕ್ಕೆ ತಿರುಗಿ, ಚಪ್ಪಟೆಯಾಗಿ ಹರಡಿಕೊಂಡಿದ್ದವು, ತುದಿಗಳು ಕಂದಿದ್ದವು. ಇಷ್ಟು ಕಂಡ ಮೇಲೆ ಒಂಬತ್ತು ಚೀಲ ಯೂರಿಯಾ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತ್ತು. ಗೊಬ್ಬರವನ್ನು ಹುಡುಕಿಕೊಂಡು ಹೋಗಬೇಕಾದ ಬೇರಿಗೇ ಹೋಗಲು ದಾರಿ ಇರಲಿಲ್ಲ.

ಉಳಿದರ್ಧ ಉತ್ತರ ಸಿಕ್ಕಿದ್ದು ಯಾವ ರೈತನೂ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿಂದ. ಎರಡು ಗಾಜಿನ ಲೋಟಗಳಲ್ಲಿ ಮಳೆನೀರು ತುಂಬಿ, ಎರಡೂ ಗದ್ದೆಗಳ ಒಣಗಿದ ಹೆಂಟೆಯ ಕಡಲೆಕಾಳಿನಷ್ಟು ತುಣುಕುಗಳನ್ನು ಅಲುಗಾಡಿಸದೆ ಬಿಡಲಾಯಿತು. ಮೇಲ್ಗದ್ದೆಯ ತುಣುಕು ಸ್ವಲ್ಪ ಕುಸಿದರೂ ಮೇಲಿನ ನೀರು ತಿಳಿಯಾಗಿಯೇ ಉಳಿಯಿತು. ತಗ್ಗಿನ ಗದ್ದೆಯ ತುಣುಕಿನ ಸುತ್ತ ಕೆಲವೇ ನಿಮಿಷಗಳಲ್ಲಿ ಬೂದು ಬಣ್ಣದ ಮೋಡವೆದ್ದು, ಸಂಜೆಯ ಹೊತ್ತಿಗೆ ಲೋಟದ ನೀರೆಲ್ಲ ರಾಡಿಯಾಗಿ, ಮಾರನೆಯ ದಿನವೂ ತಿಳಿಯಾಗಲಿಲ್ಲ. ಜೇಡಿಯ ಸೂಕ್ಷ್ಮಕಣಗಳು ಒಂದನ್ನೊಂದು ಹಿಡಿದುಕೊಳ್ಳದೆ ಬಿಡಿಬಿಡಿಯಾಗಿ ನೀರಿನಲ್ಲಿ ತೇಲುತ್ತಿವೆ ಎಂದರೆ ಅವುಗಳ ಮೈಮೇಲೆ ಸುಣ್ಣಾಂಶದ (ಕ್ಯಾಲ್ಸಿಯಂ) ಬದಲು ಸೋಡಿಯಂ ಕುಳಿತಿದೆ ಎಂದೇ ಹೆಚ್ಚಿನ ಸಂದರ್ಭಗಳಲ್ಲಿ ತಿಳಿಯಬೇಕು.

ಪ್ರಯೋಗಾಲಯಕ್ಕೆ ಮಾದರಿ ಕಳಿಸುವಾಗ ಎರಡೂ ಗದ್ದೆಗಳ ಮಣ್ಣನ್ನು ಬೆರೆಸದಂತೆ ಎಚ್ಚರ ವಹಿಸಲಾಯಿತು. ಬದು, ತಿಪ್ಪೆಯ ಜಾಗ, ಮರದ ನೆರಳು ಬಿಟ್ಟು ಅಂಕುಡೊಂಕಾಗಿ ನಡೆಯುತ್ತ, ಅಲ್ಲಲ್ಲಿ ಇಂಗ್ಲಿಷಿನ ವಿ ಆಕಾರದ ಗುಂಡಿ ತೆಗೆದು, ಅದರ ಒಂದು ಬದಿಯಿಂದ ಆರು ಅಂಗುಲದವರೆಗಿನ ಮಣ್ಣನ್ನು ಸಮವಾಗಿ ಕೆತ್ತಿ, ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಡುತ್ತ ಕೊನೆಗೆ ಅರ್ಧ ಕೆ.ಜಿ. ಉಳಿಸಿಕೊಳ್ಳುವ ಕ್ರಮವನ್ನೇ ಪಾಲಿಸಲಾಯಿತು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಡಿ ಹನ್ನೆರಡು ಅಂಶಗಳ ಪರೀಕ್ಷೆ ನಡೆಯುತ್ತದೆ. ಈ ಜಮೀನಿಗೆ ಹಿಂದೊಮ್ಮೆ ಅಂಥ ಚೀಟಿ ಬಂದಿತ್ತು. ಆದರೆ ಎರಡು ಬಗೆಯ ನೆಲಕ್ಕೆ ಸೇರಿ ಒಂದೇ ಚೀಟಿ ಇದ್ದುದರಿಂದ ಅದರಲ್ಲಿದ್ದ ಸರಾಸರಿ ಅಂಕಿ ಎರಡಕ್ಕೂ ಹೊಂದದೆ ಬೀರುವಿನಲ್ಲೇ ಉಳಿದಿತ್ತು.

ಹೊಸ ವರದಿಯಲ್ಲಿ ತಗ್ಗಿನ ಗದ್ದೆಯ ರಸಸಾರ (ಪಿಎಚ್) 8.9 ಇತ್ತು. ಕರಗುವ ಲವಣಗಳನ್ನು ಸೂಚಿಸುವ ವಿದ್ಯುತ್ ವಾಹಕತೆ ಕಡಿಮೆಯೇ ಇತ್ತು. ರಸಸಾರ 8.5 ದಾಟಿ, ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಕೆಳಗಿದ್ದು, ಮಣ್ಣಿನ ಕಣಗಳಿಗೆ ಅಂಟಿದ ಸೋಡಿಯಂ ಪ್ರಮಾಣ ಶೇ 15ನ್ನು ಮೀರಿದರೆ ಅದು ಬರೀ ಉಪ್ಪಿನ ನೆಲವಾಗಿರದೆ ಕ್ಷಾರದ ನೆಲವಾಗಿರುತ್ತದೆ. ಇದು ಆ ವರ್ಗಕ್ಕೆ ಸೇರಿತ್ತು. ಈ ವ್ಯತ್ಯಾಸ ಮುಖ್ಯ. ಉಪ್ಪು ಮಾತ್ರ ಇದ್ದರೆ ಒಳ್ಳೆಯ ನೀರು ಹಾಯಿಸಿ ಬಸಿದರೆ ಹೋಗುತ್ತದೆ. ಕಣಕ್ಕಂಟಿದ ಸೋಡಿಯಂ ಬರೀ ನೀರಿಗೆ ಬಿಟ್ಟುಕೊಡುವುದಿಲ್ಲ. ಸತುವಿನ ಪ್ರಮಾಣ ಹತ್ತು ಲಕ್ಷಕ್ಕೆ 0.6 ಭಾಗ ಎಂಬ ಕನಿಷ್ಠ ಮಟ್ಟಕ್ಕಿಂತ ಕೆಳಗಿತ್ತು. ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗೆ, ಅಂದರೆ ಕಡಿಮೆ ಎಂಬ ವರ್ಗದಲ್ಲಿತ್ತು. ಕುಟುಂಬಕ್ಕೆ ಆಶ್ಚರ್ಯ ತಂದ ಸಂಗತಿಯೆಂದರೆ, ಅಷ್ಟು ಒಳ್ಳೆಯ ಬೆಳೆ ಕೊಟ್ಟಿದ್ದ ಮೇಲ್ಗದ್ದೆಯ ಸಾವಯವ ಇಂಗಾಲವೂ ಅದೇ ವರ್ಗದಲ್ಲಿತ್ತು.

ಇಷ್ಟನ್ನು ಒಟ್ಟಿಗೆ ಇಟ್ಟು ನೋಡಿದರೆ ತಗ್ಗಿನ ಗದ್ದೆಯ ಬೆಳೆ ಏಕೆ ಸೋತಿತೆಂಬುದು ಸ್ಪಷ್ಟವಾಗುತ್ತದೆ. ಕ್ಷಾರ ಹೆಚ್ಚಿದ ಮಣ್ಣಿನ ಮೇಲೆ ಎರಚಿದ ಯೂರಿಯಾದ ಸಾರಜನಕದಲ್ಲಿ ದೊಡ್ಡ ಪಾಲು ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ಸತು, ಕಬ್ಬಿಣ, ಮ್ಯಾಂಗನೀಸ್ ಮಣ್ಣಿನಲ್ಲಿದ್ದರೂ ಆ ರಸಸಾರದಲ್ಲಿ ಕರಗುವುದಿಲ್ಲ, ಕರಗದ್ದನ್ನು ಬೇರು ಹೀರುವುದಿಲ್ಲ. ಆರೋಗ್ಯವಂತ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧದಷ್ಟು ಬರೀ ರಂಧ್ರಗಳೇ ಇದ್ದು, ಅವುಗಳಲ್ಲಿ ನೀರು ಮತ್ತು ಗಾಳಿ ಪಾಲು ಹಂಚಿಕೊಂಡಿರುತ್ತವೆ; ಜೇಡಿಯ ಕಣಗಳು ಬಿಡಿಯಾಗಿ ಆ ರಂಧ್ರಗಳಲ್ಲಿ ತುಂಬಿಕೊಂಡಾಗ ಬೇರಿಗೆ ಉಸಿರಿಲ್ಲ, ಸಾವಯವ ವಸ್ತುವನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಉಸಿರಿಲ್ಲ. ಆದ್ದರಿಂದಲೇ ಅಲ್ಲಿ ನೀರು ನಿಂತರೂ ಬೆಳೆ ಬಾಡುತ್ತಿತ್ತು, ಗೊಬ್ಬರ ಸುರಿದರೂ ಹಸಿದಿರುತ್ತಿತ್ತು.

ನೆಲ ಹೀಗಾದ ಬಗೆ

ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಆರಂಭವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಆಗ ಇರ್ವಿನ್ ನಾಲೆ ಎಂದು ಹೆಸರಿದ್ದ ಇಂದಿನ ವಿ.ಸಿ. ನಾಲೆಯ ನೀರು ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಈ ನೀರಿನಿಂದ ನೆಲ ಕೆಡಬಹುದೆಂಬುದು ಆ ಕಾಲದವರಿಗೆ ತಿಳಿಯದ ಸಂಗತಿಯೇನಲ್ಲ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ನೀರಾ ನಾಲೆ ಬಯಲಿನಲ್ಲಿ ರೂಪಿಸಿದ್ದ ಬ್ಲಾಕ್ ಪದ್ಧತಿಯ ತಿರುಳೇ ಬಯಲನ್ನು ಭಾಗ ಮಾಡಿ ಭತ್ತ, ಕಬ್ಬು ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯಲ್ಲಿ ಬೆಳೆಯುವುದಾಗಿತ್ತು. ಇರ್ವಿನ್ ನಾಲೆಯ ಬಯಲಿಗೂ ಅದೇ ಆಲೋಚನೆಯನ್ನು ತರಲಾಗಿತ್ತು. ನೀರು ಎಲ್ಲರಿಗೂ ಸಾಲಲಿ ಎಂಬುದರ ಜೊತೆಗೆ ನೆಲಕ್ಕೆ ಒಣಗಿ ಆರಲು ಬಿಡುವು ಸಿಗಲಿ ಎಂಬುದೂ ಅದರಲ್ಲಿ ಅಡಗಿತ್ತು. ಕಬ್ಬಿನ ಮೇಲೆ ಕಬ್ಬು, ಕೂಳೆಯ ಮೇಲೆ ಕೂಳೆ, ನಡುವೆ ಒಂದು ಭತ್ತ ಎಂಬ ಇಂದಿನ ಕ್ರಮದಲ್ಲಿ ಆ ಬಿಡುವು ಉಳಿದಿಲ್ಲ.

ಈ ಜಮೀನಿನ ಮಟ್ಟಿಗೆ ಹೇಳುವುದಾದರೆ ಮೂರು ಬದಲಾವಣೆಗಳು ಕೂಡಿಕೊಂಡವು. ಹಳ್ಳಕ್ಕೆ ಹೋಗುತ್ತಿದ್ದ ಬಸಿಗಾಲುವೆ ವರ್ಷದಿಂದ ವರ್ಷಕ್ಕೆ ಹೂಳು ತುಂಬಿ, ಎರಡೂ ಬದಿಯ ಬದುಗಳು ಅದರೊಳಕ್ಕೆ ಸರಿದು, ಕೊನೆಗೆ ಕುರುಹಷ್ಟೇ ಉಳಿಯಿತು. ಅದರಿಂದಾಗಿ ಮೇಲಿನ ಗದ್ದೆಗಳಿಂದ ಜಿನುಗಿ ಬಂದ ನೀರೆಲ್ಲ ತಗ್ಗಿನಲ್ಲಿ ನಿಂತು, ಬೇಸಿಗೆಯಲ್ಲಿ ಆವಿಯಾಗಿ, ತಾನು ತಂದದ್ದನ್ನು ಅಲ್ಲೇ ಬಿಟ್ಟುಹೋಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಬಳಸಿದ ಕೊಳವೆಬಾವಿಯ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚಿತ್ತು; ಅಂಥ ನೀರು ಮಣ್ಣಿನ ಸುಣ್ಣಾಂಶವನ್ನು ಕರಗದ ರೂಪಕ್ಕೆ ತಿರುಗಿಸಿ ಸೋಡಿಯಂಗೆ ಜಾಗ ಬಿಡಿಸಿಕೊಡುತ್ತದೆ. ಮೂರನೆಯದು ಸಾವಯವ ವಸ್ತುವಿನದು. ಎತ್ತು, ಹಸು ಕಡಿಮೆಯಾದಂತೆ ತಿಪ್ಪೆ ಸಣ್ಣದಾಯಿತು. ಬೇಸಿಗೆಯಲ್ಲಿ ಕುರಿಮಂದೆ ಹಾಕಿಸುವುದು ನಿಂತುಹೋಯಿತು. ಕೆರೆಗೋಡು (ಕೆರೆಯ ಹೂಳು) ಹೊಡೆಸುವುದಂತೂ ಹಿಂದಿನ ತಲೆಮಾರಿಗೇ ಮುಗಿಯಿತು. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ಉಳಿಯುವ ತರಗಿಗೆ (ಒಣಗಿದ ಸೋಗೆಗೆ) ಪ್ರತಿ ವರ್ಷ ಬೆಂಕಿ ಬೀಳುತ್ತಿತ್ತು. ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ. ಇಂಗಾಲ ಮತ್ತು ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ.

ಸರಿಪಡಿಸಿದ ಕ್ರಮ

ವರದಿ ಕೈಗೆ ಬಂದ ಕೂಡಲೇ ಮಗ ಜಿಪ್ಸಂ ತರಿಸಲು ಹೊರಟಿದ್ದ. ರೈತ ಸಂಪರ್ಕ ಕೇಂದ್ರದಲ್ಲಿ ಅವನಿಗೆ ಸಿಕ್ಕ ಸಲಹೆ ಮೊದಲು ಬಸಿಗಾಲುವೆ ತೆಗೆಸು ಎಂಬುದಾಗಿತ್ತು. ಈ ಪ್ರಕರಣದ ಅತಿ ಮುಖ್ಯ ತಿರುವು ಇದೇ ಎಂದು ನಾನು ಭಾವಿಸುತ್ತೇನೆ. ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದರ ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲಿನ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ, ಎದ್ದ ಸೋಡಿಯಂ ಸಲ್ಫೇಟಾಗಿ ನೀರಿನಲ್ಲಿ ಕರಗುತ್ತದೆ. ಆ ನೀರು ಗದ್ದೆಯಿಂದ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಜಿಪ್ಸಂಗೆ ಕೊಟ್ಟ ಹಣವೂ ಅದರೊಂದಿಗೆ ಅಲ್ಲೇ ನಿಲ್ಲುತ್ತದೆ. 2024ರ ಬೇಸಿಗೆಯಲ್ಲಿ, ಪಕ್ಕದ ಜಮೀನಿನವರೊಂದಿಗೆ ಮಾತಾಡಿ, ಜೆಸಿಬಿ ಬಾಡಿಗೆಯನ್ನು ಇಬ್ಬರೂ ಹಂಚಿಕೊಂಡು ಮೂರು ಅಡಿ ಆಳದ ಬಸಿಗಾಲುವೆಯನ್ನು ಹಳ್ಳದವರೆಗೆ ತೆಗೆಸಲಾಯಿತು. ಗಟ್ಟಿಪದರ ಒಡೆಯಲು ಮಣ್ಣು ಪೂರ್ತಿ ಒಣಗಿದ್ದಾಗ ಆಳದ ಉಳುಮೆ ಮಾಡಿಸಲಾಯಿತು.

ಜಿಪ್ಸಂ ಅನ್ನು ಪ್ರಯೋಗಾಲಯ ಲೆಕ್ಕ ಹಾಕಿದ ಪೂರ್ತಿ ಪ್ರಮಾಣದಲ್ಲಿ ಹಾಕಲಿಲ್ಲ. ಮೊದಲ ಬೆಳೆಯಾಗಿ ಹಾಕಲಿದ್ದ ಭತ್ತದ ಬೇರು ಮೇಲುಮೇಲಿನ ಪದರದಲ್ಲೇ ಇರುವುದರಿಂದ ಮೊದಲಿಗೆ ಅರ್ಧ ಸಾಕು ಎಂಬ ಸಲಹೆಯಂತೆ ಎಕರೆಗೆ 2 ಟನ್ ಎರಚಿ, ನಾಲ್ಕು ಅಂಗುಲದೊಳಗೆ ಮಾತ್ರ ಬೆರೆಸಲಾಯಿತು. ಆ ವರ್ಷ ಜುಲೈನಲ್ಲಿ ಕಟ್ಟೆ ತುಂಬಿ ನಾಲೆಗೆ ನೀರು ಬಂದೊಡನೆ ಗದ್ದೆಯಲ್ಲಿ ಎರಡು ವಾರ ನೀರು ನಿಲ್ಲಿಸಿ ಬಸಿಯಲಾಯಿತು. ಬಸಿಗಾಲುವೆಯಲ್ಲಿ ಹರಿದದ್ದು ಮೊದಮೊದಲು ಕಾಫಿ ಡಿಕಾಕ್ಷನ್ ಬಣ್ಣದ ನೀರು. ಕ್ಷಾರದಲ್ಲಿ ಕರಗಿದ ಸಾವಯವ ಅಂಶವೇ ಆ ಬಣ್ಣಕ್ಕೆ ಕಾರಣ. ಆ ಬಳಿಕ ಕಬ್ಬನ್ನು ಬಿಟ್ಟು ಭತ್ತ ನಾಟಿ ಮಾಡಿದ್ದು ಸಹ ಉದ್ದೇಶಪೂರ್ವಕವಾಗಿಯೇ. ಭತ್ತ ಕ್ಷಾರವನ್ನು ಕಬ್ಬಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ನಿಂತ ನೀರು ತೊಳೆಯುವ ಕೆಲಸವನ್ನು ಮುಂದುವರಿಸುತ್ತದೆ. ಸಾಮಾನ್ಯಕ್ಕಿಂತ ಬಲಿತ ಪೈರನ್ನು ಗುಣಿಗೆ ಮೂರು ನಾಲ್ಕರಂತೆ ನೆಟ್ಟು, ಎಕರೆಗೆ 10 ಕೆ.ಜಿ. ಸತುವಿನ ಸಲ್ಫೇಟ್ ಅನ್ನು ರಂಜಕದ ಗೊಬ್ಬರದ ಜೊತೆ ಬೆರೆಸದೆ ಬೇರೆಯಾಗಿ ಕೊಡಲಾಯಿತು. ಇಳುವರಿ ಎಕರೆಗೆ 14 ಕ್ವಿಂಟಲ್ ಬಂತು. ಈ ಬಯಲಿನಲ್ಲಿ ಅದು ಹೆಮ್ಮೆಪಡುವ ಇಳುವರಿಯಲ್ಲ. ಹಳ್ಳದ ಮೂಲೆಯಲ್ಲಿ ಪೈರೇ ಹಿಡಿಯದೆ ಚೌಳಿನ ಬಿಳಿ ಮಚ್ಚೆ ಹಾಗೇ ಉಳಿದಿತ್ತು.

2025ರ ಮೇ ತಿಂಗಳ ಮಳೆಗೆ ಡಯಾಂಚ ಬಿತ್ತಿ, ಹೂ ಮೂಡುವ ಹೊತ್ತಿಗೆ, ಸುಮಾರು ನಲವತ್ತೈದನೆಯ ದಿನ ಮಣ್ಣಿಗೆ ಸೇರಿಸಲಾಯಿತು. ಹಸಿರೆಲೆ ಗೊಬ್ಬರಕ್ಕೆ ಅಪ್ಸೆಣಬೂ ಆಗುತ್ತಿತ್ತು, ಆದರೆ ನಿಂತ ನೀರನ್ನೂ ಕ್ಷಾರವನ್ನೂ ತಾಳುವ ಗುಣ ಡಯಾಂಚಕ್ಕೇ ಹೆಚ್ಚು. ಅದು ಕೊಳೆಯುವಾಗ ಹೊರಬರುವ ಇಂಗಾಲದ ಡೈಆಕ್ಸೈಡ್ ಮಣ್ಣಿನಲ್ಲಿ ಬಂಧಿಯಾಗಿದ್ದ ಸುಣ್ಣವನ್ನು ಕರಗಿಸಿ ಜಿಪ್ಸಂ ಕೆಲಸಕ್ಕೆ ಕೈಜೋಡಿಸುತ್ತದೆ. ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಬಳಸುವ ಆಲೋಚನೆಯೂ ಬಂದಿತ್ತು. ರಸವನ್ನು ಗಂಧಕದ ಹೊಗೆಯಿಂದ ತಿಳಿಗೊಳಿಸುವ ಸಲ್ಫಿಟೇಷನ್ ಪದ್ಧತಿಯ ಕಾರ್ಖಾನೆಯದಾದರೆ ಅಂಥ ನೆಲಕ್ಕೆ ಒಳ್ಳೆಯದು, ಕಾರ್ಬೊನೇಷನ್ ಪದ್ಧತಿಯದಾದರೆ ಅದರಲ್ಲಿ ಸುಣ್ಣದ ಕಾರ್ಬೊನೇಟ್ ಹೆಚ್ಚಿರುವುದರಿಂದ ಕ್ಷಾರದ ನೆಲಕ್ಕೆ ಬೇಡ ಎಂಬುದನ್ನು ವಿಚಾರಿಸಿಕೊಂಡೇ ತರಬೇಕು. ಎರಡನೆಯ ಭತ್ತ 20 ಕ್ವಿಂಟಲ್ ತಲುಪಿತು. ಯೂರಿಯಾ ಶಿಫಾರಸಿನ ಮಟ್ಟಕ್ಕೆ ಇಳಿದಿತ್ತು, ಅದನ್ನೂ ಮೂರು ಕಂತುಗಳಲ್ಲಿ ಕೊಡಲಾಗಿತ್ತು.

ಕೊಯ್ಲಿನ ನಂತರದ ಪರೀಕ್ಷೆಯಲ್ಲಿ ರಸಸಾರ 8.4ಕ್ಕೆ ಇಳಿದಿತ್ತು. ಸಾವಯವ ಇಂಗಾಲ ಮಾತ್ರ ಇನ್ನೂ ಕಡಿಮೆ ವರ್ಗದಲ್ಲೇ ಇತ್ತು. ತಂದೆಗೆ ಇದು ನಿರಾಸೆ ತಂದಿತು. ಆದರೆ ಲೆಕ್ಕ ಹಾಕಿದರೆ ಇದು ಸಹಜವೇ ಎಂದು ಕಾಣುತ್ತದೆ. ಒಂದು ಎಕರೆಯ ಮೇಲಿನ ಆರು ಅಂಗುಲ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಇಂಗಾಲವನ್ನು ಶೇ 0.1ರಷ್ಟು ಏರಿಸಬೇಕಾದರೆ 900 ಕೆ.ಜಿ. ಇಂಗಾಲ ಅಲ್ಲಿ ಸ್ಥಿರವಾಗಿ ನಿಲ್ಲಬೇಕು. ಮೂರೂವರೆ ಟನ್ ತರಗಿನಲ್ಲಿರುವುದೇ ಸುಮಾರು ಒಂದೂವರೆ ಟನ್ ಇಂಗಾಲ. ನಮ್ಮ ಬಿಸಿಲಿನಲ್ಲಿ ಅದರ ಬಹುಭಾಗ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಗಾಳಿಗೆ ಮರಳುತ್ತದೆ, ಸಣ್ಣ ಪಾಲು ಮಾತ್ರ ನೆಲದಲ್ಲಿ ಉಳಿಯುತ್ತದೆ. ಹಾಗೆಂದು ಗಾಳಿಗೆ ಮರಳಿದ್ದು ವ್ಯರ್ಥವೇನಲ್ಲ. ಅದನ್ನು ತಿಂದು ಬದುಕಿದ ಜೀವಿಗಳು ಬಿಡುವ ಅಂಟೇ ಮಣ್ಣಿನ ಕಣಗಳನ್ನು ಕೂಡಿಸುವುದು. ಇಂಗಾಲದ ಅಂಕಿ ಅಲುಗದ ಈ ಎರಡು ವರ್ಷಗಳಲ್ಲೂ ಲೋಟದ ಪರೀಕ್ಷೆಯಲ್ಲಿ ನೀರು ಮೊದಲಿನಷ್ಟು ರಾಡಿಯಾಗಲಿಲ್ಲ.

ಈ ಲೆಕ್ಕ ಮೇಲ್ಗದ್ದೆಯ ಬೇಸಾಯವನ್ನೂ ಬದಲಾಯಿಸಿತು. ಅಲ್ಲಿ ಕೂಳೆಯ ತರಗಿಗೆ ಬೆಂಕಿ ಹಚ್ಚುವುದು ನಿಂತಿದೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ತರಗನ್ನು ಎಳೆದು ಹಾಸಲಾಗುತ್ತಿದೆ. ಇಂಗಾಲ ಹೆಚ್ಚಿ ಸಾರಜನಕ ಕಡಿಮೆಯಿರುವ ತರಗು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎತ್ತಿಕೊಳ್ಳುವುದರಿಂದ ಮೊದಲ ತಿಂಗಳುಗಳಲ್ಲಿ ಕೂಳೆ ಹಳದಿಯಾಯಿತು. ತರಗಿನ ಮೇಲೆ ಸ್ವಲ್ಪ ಯೂರಿಯಾ ಮತ್ತು ಸಗಣಿ ಬಗ್ಗಡ ಚಿಮುಕಿಸಿ ನೀರು ಕೊಟ್ಟ ಮೇಲೆ ಸರಿಹೋಯಿತು. ತರಗು ಹಾಸಿದರೆ ಇಲಿ, ಹಾವು ಸೇರುತ್ತವೆ ಎಂಬ ಕಟಾವಿನ ಆಳುಗಳ ದೂರು ಸುಳ್ಳಲ್ಲ, ಅದಕ್ಕೆ ಈ ಮನೆಯಲ್ಲಿ ಇನ್ನೂ ಪರಿಹಾರ ಸಿಕ್ಕಿಲ್ಲ.

ತಗ್ಗಿನ ಗದ್ದೆಗೆ ಭತ್ತದ ಬಳಿಕ ಅಲಸಂದೆ, ಅದರ ಬಳಿಕ ಕಬ್ಬು ಎಂದು ತೀರ್ಮಾನವಾಗಿದೆ. ಒಂದು ತನಿ, ಒಂದು ಕೂಳೆ ಮುಗಿದೊಡನೆ ಮತ್ತೆ ಭತ್ತಕ್ಕೆ ಮರಳುವ ಷರತ್ತನ್ನು ತಂದೆಯೇ ಹಾಕಿದ್ದಾರೆ. ಕೊಳವೆಬಾವಿಯ ನೀರನ್ನು ಒಂಟಿಯಾಗಿ ಹಾಯಿಸದೆ, ಕಟ್ಟುನೀರು (ನಾಲೆಯ ಸರದಿ ನೀರು) ಬಂದಾಗ ಅದರೊಂದಿಗೆ ಸರದಿಯಲ್ಲಿ ಕೊಡಲು ಒಪ್ಪಲಾಗಿದೆ. ಹಳ್ಳದ ಮೂಲೆಯ ನಾಲ್ಕೈದು ಗುಂಟೆಯನ್ನು ಸದ್ಯಕ್ಕೆ ಬೆಳೆಯಿಂದ ಕೈಬಿಟ್ಟು, ಕ್ಷಾರ ತಾಳುವ ಪ್ಯಾರಾ ಹುಲ್ಲನ್ನು ದನಗಳಿಗೆಂದು ಹಾಕಲಾಗಿದೆ. ಬಸಿಗಾಲುವೆಯ ಬಾಯಿ ಪಕ್ಕದವರ ಜಮೀನಿನಲ್ಲಿದೆ. ಅವರು ಈ ವರ್ಷ ಕಬ್ಬು ಹಾಕಿರುವುದರಿಂದ ಹೂಳು ತೆಗೆಯಲು ಜೆಸಿಬಿ ಒಳಗೆ ಬರುವಂತಿಲ್ಲ. ಅವರ ಕಟಾವು ಮುಗಿಯುವವರೆಗೆ ಆಳುಗಳನ್ನಿಟ್ಟು ಗುದ್ದಲಿಯಲ್ಲೇ ತೆಗೆಸುವುದೆಂದೂ ಕೂಲಿಯನ್ನು ಇಬ್ಬರೂ ಸಮನಾಗಿ ಕೊಡುವುದೆಂದೂ ಮಾತಾಗಿದೆ.